ರಾತ್ರಿಸಂತೆಯ ಬೀದಿ ಯಾರದು?

(ದತ್ತಿ ಉಪನ್ಯಾಸದ ಬರಹರೂಪ)



ತೈವಾನಿನ ದಕ್ಷಿಣದ ಹಳೆಯ ಊರು ತೈನಾನ್. ಅಲ್ಲಿನವರಿಗೆಲ್ಲ ಒಂದು ಸಾಲು ಬಾಯಿಪಾಠ: ದಾ ದಾ ವೂ ಹ್ವಾ ದಾ ವೂ ಹ್ವಾ. ಕೇಳಿದರೆ ತಾಳ ಹಾಕಿದಂತಿದೆ, ಆದರೆ ಅದು ವಾರದ ಲೆಕ್ಕ. ಸೋಮವಾರ ಮತ್ತು ಮಂಗಳವಾರ ದಾದೋಂಗ್ ಸಂತೆ, ಬುಧವಾರ ವೂಶೆಂಗ್, ಗುರುವಾರ ಹ್ವಾಯುವಾನ್, ಶುಕ್ರವಾರ ಮತ್ತೆ ದಾದೋಂಗ್, ಶನಿವಾರ ವೂಶೆಂಗ್, ಭಾನುವಾರ ಹ್ವಾಯುವಾನ್. ಶನಿವಾರ ಹ್ವಾಯುವಾನ್ ಸಂತೆಯೂ ಇರುತ್ತದೆ. ಸಾಲಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ, ಅಷ್ಟೆ. ಹಗಲಿನಲ್ಲಿ ಆ ಜಾಗಗಳಿಗೆ ಹೋದರೆ ಬಯಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಸಂಜೆಯಾಗುತ್ತಲೇ ಸಣ್ಣ ಲಾರಿಗಳು ಬರುತ್ತವೆ, ಒಲೆ, ಸಿಲಿಂಡರು, ಮಡಚುವ ಮೇಜು ಇಳಿಯುತ್ತವೆ, ಎತ್ತರದ ಕೋಲಿಗೆ ಅಂಗಡಿಯ ಬಾವುಟ ಏರುತ್ತದೆ. ನಡುರಾತ್ರಿ ದಾಟಿದರೆ ಮತ್ತೆ ಬಯಲು. ಇವತ್ತು ಇಲ್ಲಿ ಕೋಳಿ ಕರಿದವನು ನಾಳೆ ಊರಿನ ಇನ್ನೊಂದು ಮೂಲೆಯಲ್ಲಿ ಕರಿಯುತ್ತಾನೆ. ಸೋಮವಾರ ಒಂದೂರು, ಗುರುವಾರ ಇನ್ನೊಂದೂರು ಎಂದು ಗಂಟು ಹೊತ್ತು ತಿರುಗುವ ನಮ್ಮ ವಾರದ ಸಂತೆಯ ವ್ಯಾಪಾರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು.

ದತ್ತಿಯನ್ನು ಇಟ್ಟವರು ದಿನಸಿ ವ್ಯಾಪಾರದ ಮನೆಯವರು. ವರ್ಷಕ್ಕೊಮ್ಮೆ ಸಂತೆ, ಅಂಗಡಿ, ಊಟತಿಂಡಿ ಇವುಗಳಲ್ಲಿ ಒಂದನ್ನು ಕುರಿತು ಮಾತಾಗಬೇಕು ಎಂಬುದು ಅವರ ಷರತ್ತು. ಮೂರೂ ಒಂದೇ ಕಡೆ ಸಿಗುವ ವಿಷಯವೆಂದು ತೈವಾನಿನ ರಾತ್ರಿಸಂತೆಯನ್ನು ಆರಿಸಿಕೊಂಡೆ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಿನಿಸಿನ ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ. ತಿನಿಸಿನ ಮಾತು ನಾನೂ ಆಡುತ್ತೇನೆ, ಬಿಡುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಪ್ರಶ್ನೆ: ಆ ಬೀದಿ ಯಾರದು? ದೇವಸ್ಥಾನದ್ದೋ, ಪುರಸಭೆಯದ್ದೋ, ಹಿಂದಿನ ಅಂಗಡಿಯ ಮಾಲೀಕನದ್ದೋ, ಮೇಲಿನ ಮಹಡಿಯಲ್ಲಿ ನಿದ್ದೆ ಬಾರದೆ ಹೊರಳುವವನದ್ದೋ? ಇದಕ್ಕೆ ಖಚಿತ ಉತ್ತರ ಇಲ್ಲದಿರುವುದರಿಂದಲೇ ರಾತ್ರಿಸಂತೆ ಬದುಕಿದೆ ಎಂಬುದು ನನ್ನ ವಾದ.

ಮೊದಲು ದೇವಸ್ಥಾನ. ಹಳೆಯ ರಾತ್ರಿಸಂತೆಗಳ ಬೇರು ಹುಡುಕುತ್ತ ಹೋದರೆ ಬಹಳಷ್ಟು ಸಲ ಒಂದು ಗುಡಿಯ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತೇವೆ. ಉತ್ತರದ ಬಂದರು ಜೀಲುಂಗಿನ ಸಂತೆ ದ್ಯೆನ್‌ಜಿ ಗುಡಿಯ ಎದುರೇ ಇದೆ. ಅದರ ಹೆಸರೇ ‘ಗುಡಿಬಾಗಿಲ ಸಂತೆ’. ರಾಜಧಾನಿ ತೈಪೆಯ ರಾವ್‌ಹೆ ಬೀದಿಯ ರಾತ್ರಿಸಂತೆಯ ತಲೆಯಲ್ಲಿ 1753ರ ತ್ಸಿಯೂ ಗುಡಿ, ಅಲ್ಲಿನ ದೇವತೆ ಮಾಜು, ಕಡಲಿಗೆ ಹೋದವರನ್ನು ಕಾಯುವವಳು. ಅದೇ ಊರಿನ ಹ್ವಾಶಿ ಬೀದಿಯ ಸಂತೆಯ ಹತ್ತಿರ 1738ರ ಲೋಂಗ್‌ಶಾನ್ ಗುಡಿ. ಚೀನಾದ ಫೂಜಿಯಾನಿನಿಂದ ಜಲಸಂಧಿ ದಾಟಿ ಬಂದ ವಲಸಿಗರು ದೇವರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಬಂದವರು. ನೆಲೆ ನಿಂತಲ್ಲಿ ಗುಡಿ ಕಟ್ಟಿದರು, ಗುಡಿಯ ಮುಂದೆ ಅಂಗಳ ಬಿಟ್ಟರು. ಹಬ್ಬದ ದಿನ ಅಂಗಳದಲ್ಲಿ ಗೀತನಾಟಕ. ಆಟ ಕಟ್ಟಿದ್ದು ದೇವರಿಗೆ, ರಂಗದ ಮುಖವೂ ಗರ್ಭಗುಡಿಯ ಕಡೆಗೆ. ನಡುವೆ ನಿಂತು ನೋಡುವ ಮನುಷ್ಯರಿಗೆ ಹಸಿವಾಗುತ್ತದಲ್ಲ, ಅಲ್ಲಿಗೆ ತಿಂಡಿಯ ಬುಟ್ಟಿ ಬಂತು. ಹಬ್ಬ ಮುಗಿದರೂ ಬುಟ್ಟಿ ಎದ್ದು ಹೋಗಲಿಲ್ಲ.

ಆಮೇಲಿನ ಕಥೆಯಲ್ಲಿ ದೇವರಿಗಿಂತ ಕಾರ್ಖಾನೆಯ ಪಾಲು ದೊಡ್ಡದು. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆ. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ರಾಷ್ಟ್ರೀಯವಾದಿ ಸರ್ಕಾರ ತೈವಾನಿಗೆ ಬಂತು. ಅದರ ಜೊತೆಗೆ ಮತ್ತು ಆಸುಪಾಸಿನ ವರ್ಷಗಳಲ್ಲಿ ಬಂದ ಸೈನಿಕರು, ನೌಕರರು, ಕುಟುಂಬದವರು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ. ಹೊಲವಿಲ್ಲ, ನೆಂಟರಿಲ್ಲ. ಒಂದು ಒಲೆ, ಒಂದು ಪಾತ್ರೆ ಇಟ್ಟುಕೊಂಡು ಬೀದಿಯಲ್ಲಿ ಕೂತರೆ ಅದೇ ಉದ್ಯೋಗ. 1966ರಲ್ಲಿ ಕಾವ್‌ಷ್ಯೋಂಗ್ ಬಂದರಿನಲ್ಲಿ ರಫ್ತು ವಲಯ ತೆರೆಯಿತು. ಹಳ್ಳಿಯ ಹೆಣ್ಣುಮಕ್ಕಳು ಪಾಳಿ ಕೆಲಸಕ್ಕೆ ಬಂದು ಹಾಸ್ಟೆಲುಗಳಲ್ಲಿ ಉಳಿದರು. ಪಾಳಿ ಬಿಟ್ಟಾಗ ಹೊತ್ತಾಗಿರುತ್ತದೆ, ಕೈಯಲ್ಲಿ ಸಣ್ಣ ಸಂಬಳ, ಇರುವ ಕೋಣೆಯಲ್ಲಿ ಅಡುಗೆಗೆ ಜಾಗವಿಲ್ಲ. ಇಂದಿಗೂ ತೈವಾನಿನ ಎಷ್ಟೋ ಬಾಡಿಗೆ ಕೋಣೆಗಳಲ್ಲಿ ಅಡುಗೆಮನೆ ಎಂಬುದೇ ಇಲ್ಲ. ಹೀಗಾಗಿ ಊರಿಗೆಲ್ಲ ಬೀದಿಯಲ್ಲೊಂದು ಅಡುಗೆಮನೆ ಬೇಕಾಯಿತು. ರಫ್ತಿಗೆಂದು ಹೊಲಿದು ಮಿಕ್ಕ ಬಟ್ಟೆ, ಚಪ್ಪಲಿ, ಆಟಿಕೆಗಳು ಅದೇ ಬೀದಿಯಲ್ಲಿ ಅಗ್ಗಕ್ಕೆ ಮಾರಾಟವಾದವು.

ಆ ಕಾಲದುದ್ದಕ್ಕೂ ದೇಶದಲ್ಲಿ ಸೇನಾ ಕಾನೂನು. 1949ರಿಂದ 1987ರ ಜುಲೈವರೆಗೆ, 38 ವರ್ಷ. ಜನ ಗುಂಪು ಕೂಡುವುದನ್ನು ಸರ್ಕಾರ ಅನುಮಾನದಿಂದ ನೋಡುತ್ತಿದ್ದ ದಿನಗಳವು. ಆದರೆ ಬಟ್ಟಲು ಹಿಡಿದು ನಿಂತ ಗುಂಪನ್ನು ಸಭೆ ಎಂದು ಯಾರು ಹೇಳಿಯಾರು?

ಈಗ ಬಟ್ಟಲಿಗೇ ಬರೋಣ. ಎದುರು ಸಾಲಿನಲ್ಲಿ ಶುದ್ಧ ಸಸ್ಯಾಹಾರಿಗಳು ಕೂತಿರುವುದು ನನಗೆ ಗೊತ್ತು, ಅವರಿಗೂ ಪಾಲು ಇಟ್ಟಿದ್ದೇನೆ, ಸ್ವಲ್ಪ ತಾಳಬೇಕು. ರಾತ್ರಿಸಂತೆಯ ಒಂದೇ ಒಂದು ತಿನಿಸನ್ನು ಆರಿಸಿ ಎಂದರೆ ನಾನು ಕಡಲ ಸಿಂಪಿಯ ಆಮ್ಲೆಟ್ಟನ್ನು ಆರಿಸುತ್ತೇನೆ. ಅಲ್ಲಿನ ಆಡುಮಾತಿನಲ್ಲಿ ‘ಓಆ ಜ್ಯೆನ್’. ಅಗಲ ಕಾವಲಿಯ ಮೇಲೆ ಕೊಬ್ಬು, ಅದರ ಮೇಲೆ ಪಶ್ಚಿಮ ಕರಾವಳಿಯ ಹಿನ್ನೀರಿನಲ್ಲಿ ಬೆಳೆಸಿದ ಹೆಬ್ಬೆರಳ ತುದಿಯಷ್ಟು ಸಿಂಪಿಗಳು. ಅವು ಚಟಪಟ ಎನ್ನುವಾಗ ಗೆಣಸಿನ ಹಿಟ್ಟನ್ನು ನೀರಾಗಿ ಕದಡಿ ಸುರಿಯುತ್ತಾರೆ. ಮೊದಲು ಹಾಲಿನ ಬಣ್ಣ. ಕಾವು ಹಿಡಿಯುತ್ತಿದ್ದಂತೆ ಗಾಜಿನ ಹಾಗೆ ತಿಳಿಯಾಗಿ ಅಂಟಾಗುತ್ತದೆ. ಆಗ ಒಂದು ಮೊಟ್ಟೆ, ಒಂದು ಹಿಡಿ ಸೊಪ್ಪು. ಮಗುಚಿ ತಟ್ಟೆಗೆ ಹಾಕಿ ಮೇಲೆ ಸಿಹಿ-ಖಾರದ ಕೆಂಪು ಗೊಜ್ಜು. ಅಂಚು ಗರಿಗರಿ, ನಡು ಲೋಳೆ. ಮೊದಲ ತುತ್ತಿಗೆ ಎಲ್ಲರಿಗೂ ಹಿಡಿಸುವ ತಿನಿಸಲ್ಲ ಇದು.

ಇದರ ಹುಟ್ಟಿಗೊಂದು ವೀರಗಥೆ ಇದೆ. 1661ರಲ್ಲಿ ಜೆಂಗ್ ಚೆಂಗ್‌ಗೋಂಗ್ ಎಂಬ ಸೇನಾನಿ ತೈನಾನಿನಲ್ಲಿದ್ದ ಡಚ್ಚರ ಕೋಟೆಗೆ ಮುತ್ತಿಗೆ ಹಾಕಿದಾಗ ಡಚ್ಚರು ಅಕ್ಕಿಯನ್ನು ಬಚ್ಚಿಟ್ಟರಂತೆ, ಹಸಿದ ಸೈನಿಕರು ಕೈಗೆ ಸಿಕ್ಕ ಸಿಂಪಿಯನ್ನೂ ಗೆಣಸಿನ ಹಿಟ್ಟನ್ನೂ ಕಲಸಿ ಸುಟ್ಟರಂತೆ. ಮುತ್ತಿಗೆ ನಿಜ, 1662ರಲ್ಲಿ ಡಚ್ಚರು ಬಿಟ್ಟು ಹೋದದ್ದೂ ನಿಜ, ಉಳಿದದ್ದು ‘ಅಂತೆ’. ನನಗೆ ಕಾಣುವ ಸತ್ಯ ಇನ್ನೂ ಸರಳ. ಅಕ್ಕಿ ಬೆಳೆಯುವ ನಾಡಿನಲ್ಲಿ ಬಡವರಿಗೆ ಅಕ್ಕಿ ಸಿಗುತ್ತಿರಲಿಲ್ಲ. ಜಪಾನಿನ ಆಳ್ವಿಕೆಯಲ್ಲಿ ಒಳ್ಳೆಯ ಅಕ್ಕಿ ಹಡಗೇರಿ ಜಪಾನಿಗೆ ಹೋಗುತ್ತಿತ್ತು. ರೈತನ ಮನೆಯಲ್ಲಿ ತುರಿದು ಒಣಗಿಸಿದ ಗೆಣಸೇ ಅನ್ನದ ಬದಲು, ಅಥವಾ ಅನ್ನಕ್ಕೆ ಬೆರಕೆ. ಹೊಟ್ಟೆ ತುಂಬಿಸಲು ಇದ್ದ ಆ ಗೆಣಸಿನ ಹಿಟ್ಟೇ ಇಂದು ರಾತ್ರಿಸಂತೆಯ ಜೀವಾಳ. ಆಮ್ಲೆಟ್ಟಿಗೆ ಅದು, ಕರಿದ ಕೋಳಿಯ ಮೇಲಿನ ಗರಿಗರಿ ಹೊದಿಕೆಗೆ ಅದು, ಎಣ್ಣೆಯಲ್ಲಿ ಒತ್ತಿ ಒತ್ತಿ ಉಬ್ಬಿಸುವ ಗೆಣಸಿನ ಉಂಡೆಗೂ ಗೆಣಸೇ. ದ್ವೀಪದ ಆಕಾರವೂ ಗೆಣಸಿನ ಹಾಗೆಯೇ ಇದೆ. ಹಿಂದಿನಿಂದ ಇದ್ದವರು ತಮ್ಮನ್ನು ‘ಗೆಣಸು’ ಎಂದೂ 1949ರಲ್ಲಿ ಬಂದವರನ್ನು ‘ಕೆಸವಿನ ಗೆಡ್ಡೆ’ ಎಂದೂ ಕರೆದರು. ಆ ಎರಡು ಪಂಗಡಗಳ ಮನಸ್ತಾಪ ದಶಕಗಳ ಕಾಲ ರಾಜಕೀಯವನ್ನು ಸುಟ್ಟಿತು. ಸಂತೆಯ ಸಿಹಿ ಬಟ್ಟಲಿನಲ್ಲಿ ಮಾತ್ರ ಗೆಣಸಿನ ಗುಂಡು, ಕೆಸವಿನ ಗುಂಡು ಒಟ್ಟಿಗೆ ತೇಲುತ್ತವೆ.

ಗೋಧಿ ಬಂದದ್ದು ಬೇರೆ ದಾರಿಯಲ್ಲಿ. 1951ರಿಂದ 1965ರವರೆಗೆ ಬಂದ ಅಮೆರಿಕದ ನೆರವಿನಲ್ಲಿ ಗೋಧಿಯ ಪಾಲು ದೊಡ್ಡದಿತ್ತು; ಅಕ್ಕಿ ಉಣ್ಣುವವರಿಗೆ ಗೋಧಿ ತಿನ್ನಿ ಎಂದು ಸರ್ಕಾರವೇ ಪ್ರಚಾರ ಮಾಡಿತು. ಉತ್ತರ ಚೀನಾದಿಂದ ಬಂದವರಿಗೆ ಹಿಟ್ಟು ನಾದುವ ಕೈ ಮೊದಲೇ ಪಳಗಿತ್ತು. ಈರುಳ್ಳಿ ಸೊಪ್ಪಿನ ಪದರರೊಟ್ಟಿ, ಆವಿಯ ಬನ್ನು, ಮಾಂಸದ ಸಾರಿನ ಹಿಟ್ಟಿನೆಳೆಗಳು ಬೀದಿಗೆ ಇಳಿದವು. ದನದ ಮಾಂಸದ ಅಂಗಡಿಗಳೂ ಈ ವಲಸಿಗರಿಂದಲೇ ಬೆಳೆದವು. ಉಳುವ ಎತ್ತನ್ನು ತಿನ್ನಬಾರದೆಂದು ದನದ ಮಾಂಸ ಮುಟ್ಟದ ಹಳೆಯ ರೈತ ಕುಟುಂಬಗಳು ತೈವಾನಿನಲ್ಲಿ ಇಂದಿಗೂ ಇವೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಬಬಲ್ ಟೀ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಮೊಮ್ಮಕ್ಕಳು ಹೇಳುತ್ತಾರೆ. ಅದರ ತಳದಲ್ಲಿರುವ ಕಪ್ಪು ಗುಂಡುಗಳು ಮರಗೆಣಸಿನ ಹಿಟ್ಟಿನವು, ಅಂದರೆ ಸಾಬಕ್ಕಿಯ ದೊಡ್ಡಣ್ಣಂದಿರು. 1980ರ ದಶಕದಲ್ಲಿ ಮೊದಲು ಮಾಡಿದವರು ನಾವು ಎಂದು ತೈಚುಂಗಿನ ಒಂದು ಚಹಾದಂಗಡಿಯೂ ತೈನಾನಿನ ಇನ್ನೊಂದೂ ಹತ್ತು ವರ್ಷ ಕೋರ್ಟಿನಲ್ಲಿ ಹೊಡೆದಾಡಿದವು. 2019ರಲ್ಲಿ ನ್ಯಾಯಾಲಯ, ಇದಕ್ಕೆ ಪೇಟೆಂಟೇ ಇಲ್ಲ, ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಮೊದಲಿಗ ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದಿತು. ರಾತ್ರಿಸಂತೆಯ ಸ್ವಭಾವಕ್ಕೆ ಒಪ್ಪುವ ತೀರ್ಪು.

ಈ ಗುಂಡುಗಳ ಗಮ್ಮತ್ತಿರುವುದು ಹಲ್ಲಿನಡಿ ಪುಟಿಯುವುದರಲ್ಲಿ. ತೈವಾನಿನವರು ಮೀನಿನ ಉಂಡೆಯಿಂದ ಸಿಹಿಯವರೆಗೆ ಎಲ್ಲದರಲ್ಲೂ ಆ ಪುಟಿತವನ್ನು ಬೇಡುತ್ತಾರೆ. ಬೇಡಿಕೆ ಹೆಚ್ಚಾದಲ್ಲಿ ಅಡ್ಡದಾರಿ ಹುಟ್ಟುತ್ತದೆ. 2013ರಲ್ಲಿ, ಪುಟಿತ ಹೆಚ್ಚಿಸಲೆಂದು ಆಹಾರಕ್ಕೆ ಅನುಮತಿಯಿಲ್ಲದ ಮಲೇಯಿಕ್ ರಾಸಾಯನಿಕ ಬೆರೆಸಿದ ಪಿಷ್ಟ ಬಯಲಾಯಿತು. ಮರುವರ್ಷ ಗಟಾರದ ಎಣ್ಣೆಯ ಹಗರಣ: ಬಳಸಿ ಬಿಸಾಡಿದ ಎಣ್ಣೆಯನ್ನು ಶುದ್ಧೀಕರಿಸಿ ಹಂದಿಕೊಬ್ಬಿಗೆ ಬೆರೆಸಿ ಮಾರಿದ್ದರು. ಎರಡರಲ್ಲೂ ಪೆಟ್ಟು ತಿಂದವರಲ್ಲಿ ಬೀದಿಯ ವ್ಯಾಪಾರಿಗಳೂ ಇದ್ದರು. ಮೋಸ ನಡೆದದ್ದು ಮಾತ್ರ ಕಾರ್ಖಾನೆಯಲ್ಲಿ. ಅವರ ಕೈಗೆ ಬಂದದ್ದು ಮುದ್ರೆ ಹಾಕಿದ ಚೀಲ, ಮುದ್ರೆ ಹಾಕಿದ ಡಬ್ಬ. ಬೀದಿಯ ತಿಂಡಿ ಎಂದರೆ ಕೊಳಕು ಎಂದು ಮೂಗು ಮುರಿಯುವವರು ಈ ಎರಡು ವರ್ಷಗಳ ವರದಿಗಳನ್ನು ಓದಬೇಕು.

ಮತ್ತೆ ಪ್ರಶ್ನೆಗೆ ಬರುತ್ತೇನೆ. ಬೀದಿ ಯಾರದು? ತೈವಾನಿನ ಹಳೆಯ ಪೇಟೆಗಳಲ್ಲಿ ಅಂಗಡಿಯ ಮುಂದೆ ಕಂಬಸಾಲಿನ ಮೊಗಸಾಲೆ ಇರುತ್ತದೆ, ಮೇಲೆ ಮಹಡಿ, ಕೆಳಗೆ ನಡೆಯುವ ದಾರಿ. ಕಾಗದದ ಮೇಲೆ ಅದು ಮಾಲೀಕನದ್ದು, ಕಾನೂನಿನ ಪ್ರಕಾರ ದಾರಿಹೋಕರಿಗೆ ತೆರೆದಿರಬೇಕು. ನಡೆಯುವುದೇ ಬೇರೆ: ಮಾಲೀಕ ಆ ಜಾಗವನ್ನು ಗಾಡಿಯವನಿಗೆ ಬಾಡಿಗೆಗೆ ಕೊಡುತ್ತಾನೆ. ಪರವಾನಗಿ ಇದ್ದವರದು ಒಂದು ಸಾಲು, ಇಲ್ಲದವರದು ಇನ್ನೊಂದು. ಇಲ್ಲದವರು ರಸ್ತೆಯ ನಡುವೆ ಚಕ್ರದ ಗಾಡಿಯನ್ನೋ ಬಟ್ಟೆ ತೂಗುಹಾಕಿದ ಚೌಕಟ್ಟನ್ನೋ ಇಟ್ಟಿರುತ್ತಾರೆ. ಪೊಲೀಸರು ಬರುತ್ತಿದ್ದಾರೆಂಬ ಸುದ್ದಿ ಬಂದರೆ ಇಡೀ ಸಾಲು ಉರುಳಿ ಪಕ್ಕದ ಓಣಿಯೊಳಗೆ ಮಾಯ. ಅರ್ಧ ಮಾತಾಡಿದ ಗಿರಾಕಿ ಕೈಯಲ್ಲಿ ನೋಟು ಹಿಡಿದು ನಿಂತೇ ಇರುತ್ತಾನೆ. ಪೊಲೀಸರು ಮೂಲೆ ತಿರುಗಿದ ಮೇಲೆ ವ್ಯಾಪಾರಿ ವಾಪಸ್ಸು ಬಂದು ಚಿಲ್ಲರೆ ಎಣಿಸುತ್ತಾನೆ. ಸಿಕ್ಕಿಬಿದ್ದವರು ದಂಡ ಕಟ್ಟುತ್ತಾರೆ, ಮರುದಿನ ಅದೇ ಜಾಗ. ಆ ದಂಡ ಬಾಡಿಗೆಯ ಇನ್ನೊಂದು ರೂಪ ಎಂದು ಪೊಲೀಸರಿಗೂ ವ್ಯಾಪಾರಿಗೂ ಗೊತ್ತು.

ತೆರಿಗೆಯ ಕಥೆಯೂ ಹೀಗೇ. ಅಂಗಡಿಗಳು ವ್ಯಾಪಾರ ಮುಚ್ಚಿಡಬಾರದೆಂದು ತೈವಾನ್ 1951ರಲ್ಲೇ ಒಂದು ಉಪಾಯ ಮಾಡಿತು. ಪ್ರತಿ ರಸೀತಿಗೂ ಒಂದು ಸಂಖ್ಯೆ, ಎರಡು ತಿಂಗಳಿಗೊಮ್ಮೆ ಅದಕ್ಕೆ ಲಾಟರಿ. ಬಹುಮಾನದ ಆಸೆಗೆ ಗಿರಾಕಿಯೇ ರಸೀತಿ ಕೇಳಿ ಪಡೆಯುತ್ತಾನೆ. ಅಷ್ಟು ಜಾಣ ಸರ್ಕಾರವೂ ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಕೊಟ್ಟು ಕೈ ಚೆಲ್ಲಿದೆ. ರಾತ್ರಿಸಂತೆಯ ಗಾಡಿ ಎಷ್ಟು ಸಂಪಾದಿಸುತ್ತದೆ ಎಂಬುದು ಆ ಮನೆಯ ಅಜ್ಜಿಗೆ ಮಾತ್ರ ಗೊತ್ತು.

ಇಂಥ ಗೊಂದಲವನ್ನು ಸರಿಪಡಿಸಲು ಹೊರಟಾಗ ಏನಾಗುತ್ತದೆ? ತೈಪೆಯ ಶೀಲಿನ್ ಸಂತೆಯನ್ನು ನೋಡಿ. ತ್ಸಿಶ್ಯೆನ್ ಗುಡಿಯ ಮುಂದಿನ ಹಳೆಯ ಮಾರುಕಟ್ಟೆ ಅದು, ದೇಶದ ಅತ್ಯಂತ ಪ್ರಸಿದ್ಧ ರಾತ್ರಿಸಂತೆ. ಹಳೆಯ ಕಟ್ಟಡದ ತಿಂಡಿ ಅಂಗಡಿಗಳನ್ನು 2002ರಲ್ಲಿ ತಾತ್ಕಾಲಿಕ ಜಾಗಕ್ಕೆ ಎಬ್ಬಿಸಿದರು. 2011ರ ಕೊನೆಗೆ ಹೊಸ ಕಟ್ಟಡ ಸಿದ್ಧವಾಯಿತು, ತಿಂಡಿಯ ವಿಭಾಗ ನೆಲಮಾಳಿಗೆಗೆ ಹೋಯಿತು. ಚರಂಡಿ, ಹೊಗೆಕೊಳವೆ, ಬೆಳಕು, ಶೌಚಾಲಯ ಎಲ್ಲ ಇದ್ದವು. ತಿನಿಸೂ ಅದೇ. ಆದರೂ ಊರಿನವರು ಅದು ಪ್ರವಾಸಿಗಳಿಗೆ ಎಂದು ಗೊಣಗಿದರು. ಮಾನವಶಾಸ್ತ್ರಜ್ಞ ಯೂ ಶುನ್‌ದೆ ಪಿಎಚ್‌ಡಿಗೆ ರಾತ್ರಿಸಂತೆಯನ್ನೇ ಆರಿಸಿಕೊಂಡವರು. ಅಲ್ಲಿನ ಗದ್ದಲ, ನೂಕುನುಗ್ಗಲು ಸಂತೆಯ ದೋಷವಲ್ಲ, ಜನ ಅದನ್ನೇ ಬಯಸಿ ಬರುತ್ತಾರೆ ಎಂದು ಅವರ ಬರಹ ತೋರಿಸುತ್ತದೆ. ಶೀಲಿನ್ ನೆಲಮಾಳಿಗೆಯಲ್ಲಿ ಮೆಟ್ಟಿಲಿಳಿದು ಹೋಗಿ ತಿನ್ನಬೇಕು. ಅಡ್ಡಾಡುತ್ತ ಆಕಸ್ಮಿಕವಾಗಿ ವಾಸನೆ ಹಿಡಿದು ನಿಲ್ಲುವುದು ಸಾಧ್ಯವಿಲ್ಲ.

ನನ್ನ ವಾದಕ್ಕೆ ಇದರಿಂದ ಬಲ ಬಂತು ಎಂದು ಬೀಗುವಷ್ಟರಲ್ಲಿ ರಾವ್‌ಹೆ ಬೀದಿ ಅಡ್ಡ ಬರುತ್ತದೆ. ಅದು ತಾನಾಗಿ ಬೆಳೆದದ್ದಲ್ಲ. ಮಂಕಾಗುತ್ತಿದ್ದ ಪೇಟೆಗೆ ಜೀವ ತರಲು ನಗರಾಡಳಿತ 1987ರಲ್ಲಿ ಸುಮಾರು 600 ಮೀಟರ್ ಬೀದಿಯನ್ನು ರಾತ್ರಿಸಂತೆಯೆಂದು ಗೊತ್ತು ಮಾಡಿತು. ಯೋಜನೆ ಗೆದ್ದಿತು. ಇಂದಿಗೂ ಗುಡಿಯ ಬದಿಯ ಬಾಗಿಲಲ್ಲಿ ಮೆಣಸಿನ ಬನ್ನಿಗೆ ಉದ್ದ ಸಾಲು. ತಂದೂರಿನಂಥ ಮಣ್ಣಿನ ಒಲೆಯ ಒಳಗೋಡೆಗೆ ಹಂದಿಮಾಂಸ, ಕಾಳುಮೆಣಸು, ಈರುಳ್ಳಿ ಸೊಪ್ಪು ತುಂಬಿದ ಹಿಟ್ಟನ್ನು ಬಡಿದು ಅಂಟಿಸುತ್ತಾರೆ. ಹಾಗಾದರೆ ಸರ್ಕಾರವೂ ಸಂತೆ ಕಟ್ಟಬಲ್ಲದು. ಆದರೆ ಅದು ಕಟ್ಟಡ ಕಟ್ಟಲಿಲ್ಲ, ಸಂಜೆಯ ಮೇಲೆ ವಾಹನ ಸಂಚಾರ ನಿಲ್ಲಿಸಿತು, ಅಷ್ಟೆ. ಒಂದು ತುದಿಯಲ್ಲಿ ಗುಡಿ, ಹತ್ತಿರದಲ್ಲಿ ರೈಲು ನಿಲ್ದಾಣ ಮೊದಲೇ ಇದ್ದವು.

ಇನ್ನು ಮೇಲಿನ ಮಹಡಿಯವನ ಸರದಿ. ತೈಪೆಯ ಶಿಕ್ಷಕರ ವಿಶ್ವವಿದ್ಯಾಲಯದ ಬಳಿಯ ಶಿದಾ ಸಂತೆ ವಿದ್ಯಾರ್ಥಿಗಳಿಂದ ಬೆಳೆದು, ಮಾಧ್ಯಮದ ಪ್ರಚಾರದಿಂದ ಉಬ್ಬಿ, ವಸತಿ ಓಣಿಗಳ ಒಳಗೆ ಹರಡಿತು. ರಾತ್ರಿಯಿಡೀ ಗದ್ದಲ, ಕಿಟಕಿಗೆ ಎಣ್ಣೆಯ ಹೊಗೆ, ಮನೆಬಾಗಿಲಲ್ಲಿ ಕಸ. 2011ರಿಂದ ನಿವಾಸಿಗಳು ಸಂಘಟಿತರಾಗಿ ನಿಂತರು. ವಸತಿ ಪ್ರದೇಶದ ಕಿರಿದಾದ ಓಣಿಗಳಲ್ಲಿ ಹೋಟೆಲು ನಡೆಸುವಂತಿಲ್ಲ ಎಂಬ ನಿಯಮ ಕಡತದಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿದ ಮೇಲೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಸಂತೆ ಕುಗ್ಗಿತು. ಪತ್ರಿಕೆಗಳಲ್ಲಿ ಕೆಲವರು ನಿವಾಸಿಗಳನ್ನು ಖಳರಾಗಿಸಿದರು. ನನಗೆ ಹಾಗನ್ನಿಸುವುದಿಲ್ಲ. ಮಲಗುವ ಮನೆಯ ಕೆಳಗೆ ಬಾಣಲೆ ಇಟ್ಟರೆ ಎಂಥ ರಸಿಕನಿಗೂ ಸಂತೆ ಬೇಡವಾಗುತ್ತದೆ. ಹಳೆಯ ಸಂತೆಗಳಲ್ಲಿ ಮೇಲೆ ಮಲಗುವವನು ಬಹಳ ಸಲ ಕೆಳಗೆ ಕರಿಯುವವನೇ ಆಗಿರುತ್ತಿದ್ದ, ಅಥವಾ ಅವನಿಂದ ಬಾಡಿಗೆ ಪಡೆಯುವವನು. ಶಿದಾದಲ್ಲಿ ಲಾಭ ಒಬ್ಬರಿಗೆ, ಹೊಗೆ ಇನ್ನೊಬ್ಬರಿಗೆ ಆಯಿತು. ಒಪ್ಪಂದ ಮುರಿದದ್ದು ಅಲ್ಲಿ.

ಬೀದಿಯ ತಿನಿಸಿಗೆ ಮರ್ಯಾದೆಯಂತೂ ತಡವಾಗಿ ಬಂದರೂ ಬಂತು. 2000ದಲ್ಲಿ ಚೆನ್ ಶ್ವೇಬಿಯನ್ ಅಧ್ಯಕ್ಷರಾದಾಗ ಪ್ರಮಾಣವಚನದ ಔತಣದಲ್ಲಿ ತೈನಾನಿನ ಹಾಲುಮೀನಿನ ಉಂಡೆಯ ಸಾರು, ಬಟ್ಟಲಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಕಡುಬು ಬಡಿಸಿದರು. ಅಧ್ಯಕ್ಷರು ತೈನಾನ್ ಸೀಮೆಯ ಬಡ ಕುಟುಂಬದವರು, ಆಯ್ಕೆಯಲ್ಲಿ ರಾಜಕೀಯವಿತ್ತು. 2018ರಲ್ಲಿ ಮಿಷೆಲಿನ್ ಮಾರ್ಗದರ್ಶಿಯ ತೈಪೆ ಆವೃತ್ತಿ ಬಂದಾಗ ಅಗ್ಗದ ಒಳ್ಳೆಯ ತಿನಿಸುಗಳ ಪಟ್ಟಿಯಲ್ಲಿ ರಾತ್ರಿಸಂತೆಯ ಗಾಡಿಗಳಿಗೂ ಜಾಗ ಸಿಕ್ಕಿತು. ಈಗ ಗಾಡಿಯ ಮೇಲೆ ಕೆಂಪು ಫಲಕ, ಮುಂದೆ ದುಪ್ಪಟ್ಟು ಸಾಲು. ಪಕ್ಕದಲ್ಲಿ ಅಷ್ಟೇ ಚೆನ್ನಾಗಿ ಮಾಡುವ ಗಾಡಿ ಖಾಲಿ ನಿಂತಿರುವುದನ್ನು ಕಂಡರೆ ನಾನು ಅಲ್ಲಿಗೇ ಹೋಗುವವನು.

ಸಸ್ಯಾಹಾರಿಗಳಿಗೆ ಕೊಟ್ಟ ಮಾತು ಉಳಿದಿದೆ. ಬೌದ್ಧ ಮತ್ತು ಇತರ ಧಾರ್ಮಿಕ ಪಂಥಗಳಿಂದಾಗಿ ತೈವಾನಿನಲ್ಲಿ ಸಸ್ಯಾಹಾರ ದೊಡ್ಡ ಸಂಪ್ರದಾಯ. ಅಂಗಡಿಯ ಫಲಕದ ಮೇಲೆ ಸ್ವಸ್ತಿಕ ಕಂಡರೆ ಅದೇ ಗುರುತು. ಅವರಲ್ಲಿ ಅನೇಕರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಪೊಟ್ಟಣದ ಸಸ್ಯಾಹಾರಕ್ಕೆ ಅಲ್ಲಿನ ನಿಯಮ ಐದು ವರ್ಗ ಮಾಡಿದೆ, ಅದರಲ್ಲಿ ಒಂದು ಈರುಳ್ಳಿ-ಬೆಳ್ಳುಳ್ಳಿ ಸೇರಿದ್ದೆಂದು ಎಚ್ಚರಿಸುವ ವರ್ಗ. ಆದರೆ ಗಬ್ಬು ತೋಫುವನ್ನು ನಂಬಬೇಡಿ. ಸೋಯಾ ಗಿಣ್ಣೇ ನಿಜ, ಅದನ್ನು ನೆನೆಸುವ ಹುಳಿನೀರಿಗೆ ಕೆಲವರು ಸಿಗಡಿ ಹಾಕುತ್ತಾರೆ. ಧೈರ್ಯವಾಗಿ ತಿನ್ನಬಹುದಾದದ್ದು ಕಡಲೆಕಾಯಿ ಐಸ್‌ಕ್ರೀಮಿನ ಸುರುಳಿ: ದೊಡ್ಡ ಚಿಕ್ಕಿ ಗಟ್ಟಿಯನ್ನು ಬಡಗಿಯ ಕೀಸುಳಿಯಿಂದ ಕೀಸಿ, ತೆಳ್ಳನೆಯ ಹಾಳೆಯ ಮೇಲೆ ಹರಡಿ, ಐಸ್‌ಕ್ರೀಮ್ ಇಟ್ಟು, ಮೇಲೆ ಹಸಿ ಕೊತ್ತಂಬರಿ ಸೊಪ್ಪು ಹಾಕಿ ಸುತ್ತುತ್ತಾರೆ. ಮುಖ ಸಿಂಡರಿಸಬೇಡಿ, ಕೊತ್ತಂಬರಿ ಇಲ್ಲದಿದ್ದರೆ ಅದು ಬರೀ ಸಿಹಿ. ಇನ್ನು ನಮ್ಮ ಮಲೆನಾಡಿನವರಿಗೆ ಅಲ್ಲೊಂದು ಪರಿಚಿತ ಮುಖ ಸಿಗುತ್ತದೆ: ಹಸಿ ಅಡಿಕೆ. ಒಣಗಿಸದೆ, ಎಳೆಯ ಕಾಯಿಗೇ ಸುಣ್ಣದ ಲೇಪ ಹಚ್ಚಿ ಅಥವಾ ವೀಳ್ಯದೆಲೆ ಸುತ್ತಿ ಮಾರುತ್ತಾರೆ, ಹೆದ್ದಾರಿಯ ಬದಿಯಲ್ಲಿ ನಿಯಾನ್ ದೀಪದ ಗಾಜಿನ ಗೂಡುಗಳಲ್ಲಿ. ಬಾಯಿ ಕ್ಯಾನ್ಸರಿನ ವಿರುದ್ಧ ಅಲ್ಲಿನ ಸರ್ಕಾರವೂ ಪ್ರಚಾರ ಮಾಡುತ್ತಿದೆ.

ಕೊನೆಗೆ, ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ತೈವಾನಿನ ಫಾಕ್ಸ್‌ಕಾನ್ ಕಂಪನಿ ದೇವನಹಳ್ಳಿಯ ಬಳಿ ಕಾರ್ಖಾನೆ ಹಾಕಿದೆ. ಇಲ್ಲಿಂದ ಚಿಪ್ ವಿನ್ಯಾಸ ಕಲಿತವರು ಶಿಂಚು ನಗರದ ಕಡೆ ನೋಡುತ್ತಾರೆ, 1980ರಲ್ಲಿ ಆರಂಭವಾದ ವಿಜ್ಞಾನ ಪಾರ್ಕ್ ಇರುವುದು ಅಲ್ಲೇ. ಹೋದವರು ಕಂಪನಿಯ ಕ್ಯಾಂಟೀನಿನಲ್ಲೇ ಉಳಿಯಬೇಡಿ. ಊರಿನ ನಡುವೆ 1748ರ ನಗರದೇವತೆಯ ಗುಡಿ ಇದೆ, ತಿಂಡಿ ಅಂಗಡಿಗಳು ಅದರ ಅಂಗಳವನ್ನೇ ಸುತ್ತುವರಿದಿವೆ. ಶಿಂಚುವಿನ ಶಾವಿಗೆ ಅಕ್ಕಿಯದು, ಶರತ್ಕಾಲದ ಈಶಾನ್ಯದ ಗಾಳಿಗೆ ಒಣಗಿಸಿದ್ದು, ಆ ಗಾಳಿಗೇ ಊರು ಹೆಸರುವಾಸಿ. ಮಾಂಸ ಬೇಡದವರು ಮೊದಲೇ ಹೇಳಿ, ಮೇಲೆ ಹಂದಿಮಾಂಸದ ಗೊಜ್ಜು ಹಾಕಿಯೇ ಕೊಡುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ, ತಿಂದ ಕಾಗದ, ಕಡ್ಡಿಗಳಿಗೆ ಒಂದು ಚೀಲವನ್ನೂ. ಬೀದಿಯಲ್ಲಿ ಕಸದ ಡಬ್ಬಿ ಸುಲಭಕ್ಕೆ ಸಿಗದು. ಶನಿವಾರ ರಾತ್ರಿ ಮಾತ್ರ ಬೇಡ, ಕೂರಲು ಸ್ಟೂಲು ಸಿಕ್ಕುವುದಿಲ್ಲ.